ಬಾಟಲಿಯ ಬೆಲೆ ಅಡುಗೆಮನೆಯಲ್ಲೇ ನಿಗದಿ

ಒಂದು ಲೀಟರ್ ನೀರಿನ ಖಾಲಿ ಬಾಟಲಿ ಸುಮಾರು 20ರಿಂದ 25 ಗ್ರಾಂ ತೂಗುತ್ತದೆ. ಗುಜರಿ ಅಂಗಡಿಯ ತಕ್ಕಡಿಯಲ್ಲಿ ಒಂದು ಕಿಲೋ ಆಗಬೇಕಾದರೆ ಇಂಥವು 40ರಿಂದ 50 ಬೇಕು. ಆ ಒಂದು ಕಿಲೋ ಪ್ಲಾಸ್ಟಿಕ್ಕನ್ನು ಕರಗಿಸಿ ಗಟ್ಟಿ ಮಾಡಿದರೆ ಮುಕ್ಕಾಲು ಲೀಟರಿನ ಡಬ್ಬಿಯೊಳಗೆ ಹಿಡಿಯುತ್ತದೆ. ಬಾಟಲಿಗಳಾಗಿದ್ದಾಗ ಮಾತ್ರ ಅದೇ ಮಾಲು ಒಂದು ಗೋಣಿಚೀಲವನ್ನು ತುಂಬಿ ಉಬ್ಬಿಸುತ್ತದೆ. ಹೈದರಾಬಾದಿನ ಗಲ್ಲಿಗಳಲ್ಲಿ ಬೆಳಗಾದರೆ ಸಾಕು, ಇಂಥ ಚೀಲಗಳನ್ನು ಹಿಂದೆ ಮುಂದೆ ನೇತುಹಾಕಿಕೊಂಡು ಕಸ ಒಯ್ಯುವ ಸ್ವಚ್ಛ ಆಟೋಗಳು ಓಡಾಡುತ್ತವೆ. ಅವು ಹೊರುವುದರಲ್ಲಿ ಬಹುಪಾಲು ಬರೀ ಗಾಳಿ. ಸುಡುವ ಡೀಸೆಲ್, ಆಗುವ ಬಾಡಿಗೆ, ಹೊರುವವರ ಬೆನ್ನುನೋವು ಎಲ್ಲವೂ ಆ ಗಾಳಿಗಾಗಿ.

ಮನೆಯ ಪ್ಲಾಸ್ಟಿಕ್ ಬಾಟಲಿಗಳ ಮರುಬಳಕೆ ಎಂದ ಕೂಡಲೇ ದೊಡ್ಡ ಕಾರ್ಖಾನೆ, ವಿದೇಶಿ ಯಂತ್ರಗಳು ನೆನಪಿಗೆ ಬರುತ್ತವೆ. ಹೈದರಾಬಾದಿನಲ್ಲಿ ಆ ಕಾರ್ಖಾನೆಗಳೂ ಇವೆ, ಯಂತ್ರಗಳೂ ಇವೆ. ಕೊರತೆ ಇರುವುದು ಅವುಗಳಿಗೆ ಬೇಕಾದ ಒಣ, ಚೊಕ್ಕ, ಬೇರ್ಪಟ್ಟ ಮಾಲಿಗೆ. ಆ ಮಾಲು ತಯಾರಾಗಬೇಕಾದ ಜಾಗ ನಮ್ಮ ನಿಮ್ಮ ಅಡುಗೆಮನೆ.

ಮನೆಯಿಂದ ಕಾಟೇದಾನದವರೆಗೆ

ಹೈದರಾಬಾದ್ ಮಹಾನಗರ ಪಾಲಿಕೆ 2015ರಲ್ಲಿ ಮನೆ ಬಾಗಿಲಿನಿಂದ ಕಸ ಒಯ್ಯಲು ಸ್ವಚ್ಛ ಆಟೋಗಳನ್ನು ರಸ್ತೆಗಿಳಿಸಿತು. ಹಸಿಕಸಕ್ಕೆ ಹಸಿರು, ಒಣಕಸಕ್ಕೆ ನೀಲಿ ಎಂದು ಮನೆಗೆ ಎರಡರಂತೆ ಸುಮಾರು 44 ಲಕ್ಷ ಬುಟ್ಟಿಗಳನ್ನೂ ಹಂಚಿತು. ಬುಟ್ಟಿಗಳು ಮನೆ ಸೇರಿದವು, ಅಭ್ಯಾಸ ಅಷ್ಟು ಸುಲಭವಾಗಿ ಸೇರಲಿಲ್ಲ. ಎಷ್ಟೋ ಮನೆಗಳಲ್ಲಿ ನೀಲಿ ಬುಟ್ಟಿ ಅಕ್ಕಿಗೋ ನೀರಿಗೋ ಬಳಕೆಯಾಯಿತು. ಕಸವೆಲ್ಲ ಒಂದೇ ಬುಟ್ಟಿಯಲ್ಲಿ ಉಳಿಯಿತು.

ಹಾಗಿದ್ದರೂ ನೀರಿನ ಬಾಟಲಿ ಬೀದಿಯಲ್ಲಿ ಬಹಳ ಹೊತ್ತು ಬಿದ್ದಿರುವುದಿಲ್ಲ. ಅದಕ್ಕೆ ಬೆಲೆಯಿದೆ. ಮನೆಗಳಿಂದ ಸಿಗುವ ತಿಂಗಳ ಹಣದ ಜೊತೆಗೆ ಆಟೋದವರ ಕೈಗೆ ನಾಲ್ಕು ಕಾಸು ಸೇರುವುದು ಒಣಕಸ ಮಾರಿದಾಗಲೇ. ಅದಕ್ಕಾಗಿ ಗಾಡಿ ಓಡುತ್ತಿರುವಾಗಲೇ ಹಿಂದೆ ನಿಂತ ಆಟೋದವರ ಮನೆಮಂದಿ ಬಾಟಲಿ, ರಟ್ಟು, ಹಾಲಿನ ಕವರುಗಳನ್ನು ಆರಿಸಿ ಬೇರೆ ಬೇರೆ ಚೀಲಕ್ಕೆ ತುಂಬುತ್ತಾರೆ. ಅವರ ಕೈಗೆ ಸಿಗದ್ದನ್ನು ಚಿಂದಿ ಆಯುವವರು ಹೆಕ್ಕುತ್ತಾರೆ. ‘ಪಾತ ಸಾಮಾನ್ಲು ಕೊಂಟಾಂ’ ಎಂದು ಧ್ವನಿವರ್ಧಕ ಹಾಕಿಕೊಂಡು ಬರುವ ತಳ್ಳುಗಾಡಿಯವನು ಮನೆಯಿಂದಲೇ ಕೊಳ್ಳುತ್ತಾನೆ. ಕಾಚಿಗುಡ, ಬರ್ಕತ್‌ಪುರಗಳ ಹಳೆಯ ಕನ್ನಡ ಮನೆಗಳಿಗೂ ಆ ಕೂಗು ಹೊಸದಲ್ಲ.

ಅಲ್ಲಿಂದ ಮಾಲು ಬಡಾವಣೆಯ ಗುಜರಿ ಅಂಗಡಿ ಸೇರುತ್ತದೆ. ಮುಂದಿನ ಹೆಜ್ಜೆ ಭೋಲಕ್‌ಪುರದಂಥ ಕಡೆಯ ದೊಡ್ಡ ಗೋದಾಮು. ಅಲ್ಲಿ ಹೆಂಗಸರು ನೆಲದ ಮೇಲೆ ಕೂತು ಬಣ್ಣ, ಜಾತಿ ನೋಡಿ ಬಾಟಲಿಗಳನ್ನು ಬೇರ್ಪಡಿಸುತ್ತಾರೆ. ಬೇಲಿಂಗ್ ಯಂತ್ರ ಅವನ್ನು ಒತ್ತಿ ಕಟ್ಟು ಕಟ್ಟುತ್ತದೆ. ಕೊನೆಗೆ ಕಾಟೇದಾನ್, ಪಟಾನ್‌ಚೆರು ಕಡೆಯ ಘಟಕಗಳಲ್ಲಿ ಪುಡಿ, ತೊಳೆತ, ಕರಗಿಸುವಿಕೆ. ಒಂದು ಬಾಟಲಿ ಇಷ್ಟು ದೂರ ಹೋಗುವಷ್ಟರಲ್ಲಿ ನಾಲ್ಕೈದು ಕೈ ದಾಟಿರುತ್ತದೆ. ಪ್ರತಿ ಕೈಯೂ ತನ್ನ ಪಾಲಿನ ಖರ್ಚು, ಲಾಭ ಕಳೆದುಕೊಂಡೇ ಹಿಂದಿನವರಿಗೆ ದರ ಕೊಡುತ್ತದೆ. ಮೊದಲು ಆರಿಸಿದವರ ಪಾಲಿಗೆ ಉಳಿಯುವುದು ಎಲ್ಲಕ್ಕಿಂತ ಕಡಿಮೆ.

ಯಾರ ಕೈಗೂ ಸಿಗದೆ ಸಾರು, ಮೊಸರು, ತರಕಾರಿ ಸಿಪ್ಪೆಗಳೊಂದಿಗೆ ಬೆರೆತುಹೋದದ್ದು ನಗರದ ಈಶಾನ್ಯದ ಜವಾಹರ್‌ನಗರದ ಕಸದ ಗುಡ್ಡಕ್ಕೆ ಹೋಗುತ್ತದೆ. ಅಲ್ಲಿಂದ ಜಿನುಗುವ ಕೊಳೆನೀರು ಪಕ್ಕದ ಮಲ್ಕಾರಂ ಕೆರೆಯನ್ನು ಹಾಳುಮಾಡಿದ ಕಥೆ ಆ ಊರಿನವರಿಗೆ ಗೊತ್ತು. 2020ರಲ್ಲಿ ಅಲ್ಲಿ ಕಸದಿಂದ ವಿದ್ಯುತ್ ತಯಾರಿಸುವ 19.8 ಮೆಗಾವಾಟ್ ಸ್ಥಾವರ ಶುರುವಾಯಿತು. ಮತ್ತೆ ಬಾಟಲಿಯಾಗಬಹುದಾಗಿದ್ದ ಪ್ಲಾಸ್ಟಿಕ್ ಕುಲುಮೆಗೆ ಹೋದರೆ ಒಮ್ಮೆ ಉರಿದು ಮುಗಿಯಿತು. ಅದು ವಿಲೇವಾರಿ, ಮರುಬಳಕೆಯಲ್ಲ.

ಒಂದೇ ಬುಟ್ಟಿಯಲ್ಲಿ ಹಲವು ಜಾತಿ

ಮನೆಯ ಬಾಟಲಿಗಳೆಲ್ಲ ಒಂದೇ ಪ್ಲಾಸ್ಟಿಕ್ ಅಲ್ಲ. ಬುಡ ತಿರುಗಿಸಿ ನೋಡಿದರೆ ತ್ರಿಕೋನದೊಳಗೆ ಒಂದು ಅಂಕಿ ಕಾಣುತ್ತದೆ. ನೀರು, ತಂಪುಪಾನೀಯ, ಅಡುಗೆ ಎಣ್ಣೆಯ ಪಾರದರ್ಶಕ ಬಾಟಲಿಗಳದು 1, ಅಂದರೆ ಪೆಟ್. ಅಮೆರಿಕದ ಡುಪಾಂಟ್ ಕಂಪನಿಯ ಎಂಜಿನಿಯರ್ ನಥಾನಿಯಲ್ ವೈಯತ್ 1973ರಲ್ಲಿ ಪೇಟೆಂಟ್ ಪಡೆದ ಬಾಟಲಿ ಇದು. ಶಾಂಪೂ, ಶೌಚಾಲಯ ಶುಚಿಮಾಡುವ ದ್ರಾವಣಗಳ ದಪ್ಪನೆಯ ಅಪಾರದರ್ಶಕ ಬಾಟಲಿಗಳದು ಸಾಮಾನ್ಯವಾಗಿ 2, ಎಚ್‌ಡಿಪಿಇ. ಮುಚ್ಚಳಗಳು ಎಚ್‌ಡಿಪಿಇ ಅಥವಾ 5ನೇ ಸಂಖ್ಯೆಯ ಪಾಲಿಪ್ರೊಪಿಲೀನ್.

ಇವುಗಳನ್ನು ಬೇರ್ಪಡಿಸಲು ಘಟಕಗಳು ಬಳಸುವ ಉಪಾಯ ತೀರಾ ಸರಳ. ಪುಡಿ ಮಾಡಿ ನೀರಿಗೆ ಹಾಕಿದರೆ ಪೆಟ್ ಮುಳುಗುತ್ತದೆ, ಮುಚ್ಚಳದ ಚೂರುಗಳು ತೇಲುತ್ತವೆ. ಆಮೇಲೆ ಬಿಸಿನೀರು, ಕಾಸ್ಟಿಕ್ ಸೋಡಾದಲ್ಲಿ ತೊಳೆದರೆ ಲೇಬಲ್ಲಿನ ಅಂಟು, ಎಣ್ಣೆ ಜಿಡ್ಡು ಬಿಡುತ್ತದೆ. ತೊಡಕು ತರುವುದು ಪಿವಿಸಿ ಎಂಬ ಇನ್ನೊಂದು ಪ್ಲಾಸ್ಟಿಕ್. ಅದೂ ಪೆಟ್‌ನಂತೆ ಮುಳುಗುತ್ತದೆ. ಪೆಟ್ ಕರಗಲು 250 ಡಿಗ್ರಿ ಸೆಲ್ಸಿಯಸ್ಸಿಗೂ ಹೆಚ್ಚಿನ ಶಾಖ ಬೇಕು. ಆ ಶಾಖಕ್ಕೆ ಪಿವಿಸಿ ಸುಟ್ಟು ಆಮ್ಲ ಬಿಡುತ್ತದೆ, ಇಡೀ ಮಾಲಿನಲ್ಲಿ ಕಪ್ಪು ಚುಕ್ಕೆ ಮೂಡುತ್ತದೆ. ಬಾಟಲಿಯನ್ನು ಕತ್ತಿನಿಂದ ಬುಡದವರೆಗೆ ಬಿಗಿಯಾಗಿ ಸುತ್ತಿಕೊಂಡಿರುವ ಬಣ್ಣದ ಹೊದಿಕೆ ಕೆಲವೊಮ್ಮೆ ಇದೇ ಪಿವಿಸಿಯದು. ಹಾಗಾಗಿ ಅದನ್ನು ಹರಿದು ತೆಗೆಯುವ ಒಂದು ಗಳಿಗೆಯ ಕೆಲಸಕ್ಕೆ ಕಾರ್ಖಾನೆಯಲ್ಲಿ ದೊಡ್ಡ ಬೆಲೆಯಿದೆ.

ಬಣ್ಣದ ಲೆಕ್ಕವೂ ಉಂಟು. ಬಿಳಿ, ಅಂದರೆ ಬಣ್ಣವಿಲ್ಲದ ಪಾರದರ್ಶಕ ಬಾಟಲಿಗೆ ಹೆಚ್ಚು ದರ, ಬಣ್ಣದ್ದಕ್ಕೆ ಕಡಿಮೆ. ಬಿಳಿಯನ್ನು ಹಸಿರು ಮಾಡಬಹುದು, ಹಸಿರನ್ನು ಬಿಳಿ ಮಾಡಲಾಗದು. ಇದೇ ಕಾರಣಕ್ಕೆ ದಶಕಗಳ ಕಾಲ ಹಸಿರಾಗಿದ್ದ ಸ್ಪ್ರೈಟ್ ಬಾಟಲಿ ಅಮೆರಿಕದಲ್ಲಿ 2022ರಲ್ಲಿ ಬಣ್ಣ ಕಳಚಿಕೊಂಡು ಪಾರದರ್ಶಕವಾಯಿತು. ಬಾಟಲಿ ರೂಪಿಸುವವರು ಮೊದಲೇ ಯೋಚಿಸಿದರೆ ಗೋದಾಮಿನಲ್ಲಿ ಕೂತು ಆರಿಸುವವರ ಅರ್ಧ ಕೆಲಸ ತಪ್ಪುತ್ತದೆ.

ಹೈದರಾಬಾದಿನ ಮೂರು ಪ್ರಯೋಗ

ಗುಜರಿ ಜಾಲವನ್ನು ಪಕ್ಕಕ್ಕೆ ತಳ್ಳದೆ ಅದರ ಮೇಲೆಯೇ ಹೊಸತನ್ನು ಕಟ್ಟಿದ ಪ್ರಯತ್ನಗಳಿಗೆ ಈ ನಗರ ಹೆಸರಾಗಿದೆ. ಅಮೆರಿಕದಿಂದ ಮರಳಿದ ಮಣಿ ವಾಜಿಪೇಯ್ ಮತ್ತು ರಾಜ್ ಮದನ್‌ಗೋಪಾಲ್ 2013ರಲ್ಲಿ ಇಲ್ಲಿ ಬನಿಯನ್ ನೇಷನ್ ಕಂಪನಿ ಆರಂಭಿಸಿದರು. ಯಾವ ಗಲ್ಲಿಯಲ್ಲಿ ಯಾರು ಏನು ಕೊಳ್ಳುತ್ತಾರೆ ಎಂಬ ಗುಜರಿಯವರ ಬಾಯಿಲೆಕ್ಕವನ್ನು ಮೊಬೈಲಿಗೆ ತಂದದ್ದು ಅವರ ಮೊದಲ ಕೆಲಸಗಳಲ್ಲೊಂದು. ಹಳೆಯ ಪ್ಲಾಸ್ಟಿಕ್ಕಿನಿಂದ ಶಾಯಿ, ಬಣ್ಣ, ವಾಸನೆ ತೆಗೆದು ಹೊಸದಕ್ಕೆ ಸರಿಸಾಟಿಯಾದ ಹರಳು ತಯಾರಿಸುವುದು ಎರಡನೆಯದು. ಶಾಂಪೂ ಬಾಟಲಿ ಮತ್ತೆ ಶಾಂಪೂ ಬಾಟಲಿಯೇ ಆಗಬೇಕು, ಬಕೀಟೋ ಮಗ್ಗೋ ಆಗಿ ಕೆಳಗಿಳಿಯಬಾರದು ಎಂಬುದು ಅದರ ಗುರಿ. ಟಾಟಾ ಮೋಟರ್ಸ್ ಕಾರುಗಳ ಹಳೆಯ ಬಂಪರುಗಳನ್ನೂ ಹೀಗೆಯೇ ಮರುಬಳಕೆಗೆ ತಂದರು. 2018ರಲ್ಲಿ ದಾವೋಸ್‌ನಲ್ಲಿ ಈ ಕಂಪನಿಗೆ ಪ್ರಶಸ್ತಿಯೂ ಸಂದಿತು.

ಇದೇ ನಗರದ ಶ್ರೀಚಕ್ರ ಪಾಲಿಪ್ಲಾಸ್ಟ್ ಹಿಡಿದದ್ದು ಪೆಟ್‌ನ ದಾರಿ. ನಮ್ಮಲ್ಲಿ ಹಳೆಯ ನೀರಿನ ಬಾಟಲಿಗಳ ದೊಡ್ಡ ಪಾಲು ನೂಲಾಗಿ ದಿಂಬು, ಚಾಪೆ, ಬಟ್ಟೆ ಸೇರುತ್ತದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಧನ ಸಪ್ತಾಹದಲ್ಲಿ ಪ್ರಧಾನಿಗೆ ಉಡುಗೊರೆಯಾಗಿ ಬಂದು, ಆಮೇಲೆ ಸಂಸತ್ತಿನಲ್ಲಿ ಎಲ್ಲರ ಕಣ್ಣಿಗೆ ಬಿದ್ದ ನೀಲಿ ಜಾಕೀಟು ಅಂಥ ನೂಲಿನದೇ. ಆದರೆ ಬಟ್ಟೆಯಾದ ಪೆಟ್ ಮತ್ತೆ ಬಾಟಲಿಯಾಗುವುದು ಅಪರೂಪ. ಬಾಟಲಿಯಿಂದಲೇ ಬಾಟಲಿ ಮಾಡಿದರೆ ಅದೇ ಮಾಲು ಹಲವು ಸುತ್ತು ತಿರುಗಬಹುದು. ಶ್ರೀಚಕ್ರ ಆಹಾರ ತುಂಬಲು ಯೋಗ್ಯವಾದ ಮರುಬಳಕೆ ಪೆಟ್ ತಯಾರಿಸುವ ದೇಶದ ಆರಂಭಿಕ ಕಂಪನಿಗಳಲ್ಲೊಂದು.

ಮೂರನೆಯದು 2016ರಲ್ಲಿ ಹುಟ್ಟಿದ ರೀಸೈಕಲ್. ಇದು ಕಸದ ವ್ಯಾಪಾರವನ್ನು ಡಿಜಿಟಲ್ ಮಾಡಿತು. ಮಾರುವ ಗುಜರಿಯವರು, ಕೊಳ್ಳುವ ಘಟಕಗಳು, ಲೆಕ್ಕ ಒಪ್ಪಿಸಬೇಕಾದ ದೊಡ್ಡ ಕಂಪನಿಗಳನ್ನು ಒಂದೆಡೆ ತಂದಿತು. ಅದರ ಹೆಚ್ಚು ಕುತೂಹಲದ ಪ್ರಯೋಗ ನಡೆದದ್ದು ದೂರದ ಕೇದಾರನಾಥದಲ್ಲಿ. 2022ರ ಯಾತ್ರೆಯಲ್ಲಿ ರುದ್ರಪ್ರಯಾಗ ಜಿಲ್ಲಾಡಳಿತದ ಜೊತೆ ಸೇರಿ ಬಾಟಲಿಗಳಿಗೆ ಕ್ಯೂಆರ್ ಚೀಟಿ ಅಂಟಿಸಲಾಯಿತು. ಕೊಳ್ಳುವಾಗ 10 ರೂಪಾಯಿ ಹೆಚ್ಚು ಕೊಡಬೇಕು, ಖಾಲಿ ಬಾಟಲಿ ಮರಳಿಸಿದಾಗ ಅದು ವಾಪಸ್. ಯಾತ್ರಿಕ ಎಸೆದರೂ ಚಿಂತೆಯಿಲ್ಲ. ಹತ್ತು ರೂಪಾಯಿಗಾಗಿ ಇನ್ನೊಬ್ಬರು ಹೆಕ್ಕಿ ತರುತ್ತಾರೆ.

ನಮಗೆ ಇದು ಹೊಸ ವಿದ್ಯೆಯೇನಲ್ಲ. ಗಾಜಿನ ಸೋಡಾ ಬಾಟಲಿಗೆ ಅಂಗಡಿಯಲ್ಲಿ ಡಿಪಾಸಿಟ್ ಇಟ್ಟು ತಂದು, ಮರುದಿನ ಮರಳಿಸಿ ಚಿಲ್ಲರೆ ಪಡೆದ ತಲೆಮಾರು ಇನ್ನೂ ಇದೆ. ಜರ್ಮನಿ 2003ರಿಂದ ಒಮ್ಮೆ ಬಳಸುವ ಬಾಟಲಿಗಳಿಗೆ 25 ಸೆಂಟ್ ಠೇವಣಿ ಹೇರಿ ಬಹುತೇಕ ಎಲ್ಲ ಬಾಟಲಿಗಳನ್ನೂ ಮರಳಿ ಪಡೆಯುತ್ತಿದೆ. ಗೋವಾ ಸರ್ಕಾರ 2024ರಲ್ಲಿ ಇಂಥ ಯೋಜನೆಗೆ ಅಧಿಸೂಚನೆ ಹೊರಡಿಸಿತು.

ಕಾನೂನಿನ ಒತ್ತಡ, ಕೈಗಳ ಕಷ್ಟ

ಕಾನೂನೂ ಈಗ ಬಾಟಲಿಯ ಬೆಲೆ ಏರಿಸುವ ದಿಕ್ಕಿನಲ್ಲಿದೆ. ಮೊದಲು ಮರುಬಳಕೆಯ ಪ್ಲಾಸ್ಟಿಕ್ಕಿನಲ್ಲಿ ಆಹಾರ ತುಂಬಲು ನಮ್ಮಲ್ಲಿ ಅನುಮತಿ ಇರಲಿಲ್ಲ. 2021ರ ತಿದ್ದುಪಡಿ ಬಾಗಿಲು ತೆರೆಯಿತು, 2022ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅದಕ್ಕೆ ನಿಯಮ ಕೊಟ್ಟಿತು. ಅದೇ ವರ್ಷದ ಫೆಬ್ರುವರಿಯ ಕೇಂದ್ರದ ಅಧಿಸೂಚನೆಯಂತೆ ಗಟ್ಟಿ ಪ್ಲಾಸ್ಟಿಕ್ ಪ್ಯಾಕಿಂಗಿನಲ್ಲಿ 2025-26ಕ್ಕೆ ಶೇ 30ರಷ್ಟು ಮರುಬಳಕೆಯ ಮಾಲು ಇರಬೇಕು. ವರ್ಷವರ್ಷ ಏರುತ್ತ 2028-29ಕ್ಕೆ ಅದು ಶೇ 60 ಆಗಬೇಕು. ಕಂಪನಿಗಳು ಚೊಕ್ಕ ಮಾಲಿಗೆ ಹುಡುಕಾಡಲೇಬೇಕಾದ ಕಾಲ ಇದು. ಕಚ್ಚಾತೈಲ ಅಗ್ಗವಾದಾಗಲೆಲ್ಲ ಹೊಸ ಪ್ಲಾಸ್ಟಿಕ್ ಅಗ್ಗವಾಗಿ ಗುಜರಿ ದರ ಕುಸಿಯುವುದು ಈ ವ್ಯಾಪಾರದ ಹಳೆಯ ರೋಗ. ಕಡ್ಡಾಯ ಖರೀದಿ ಅದಕ್ಕೆ ಒಂದಿಷ್ಟು ಮದ್ದಾದೀತು.

ಆದರೆ ಏರಿದ ಬೆಲೆ ಯಾರ ಕೈ ಸೇರುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. 2022ರ ಮಾರ್ಚ್ 23ರ ನಸುಕಿನಲ್ಲಿ ಸಿಕಂದರಾಬಾದಿನ ಭೋಯಿಗುಡದ ಗುಜರಿ ಗೋದಾಮಿಗೆ ಬೆಂಕಿ ಬಿತ್ತು. ಮೇಲಿನ ಕೋಣೆಯಲ್ಲಿ ಮಲಗಿದ್ದ 11 ಕಾರ್ಮಿಕರು ಸತ್ತರು. ಎಲ್ಲರೂ ಬಿಹಾರದಿಂದ ದುಡಿಯಲು ಬಂದವರು. ಕೆಳಗೆ ಉರಿಯುವ ಸಾಮಾನು, ಮೇಲೆ ಮಲಗುವ ಜಾಗ. ಊರಿನ ಕಸವನ್ನು ಕಾಸಾಗಿಸುವ ವ್ಯವಸ್ಥೆಯ ಅಡಿಪಾಯದಲ್ಲಿ ಇಂಥ ಬದುಕುಗಳಿವೆ. ದಕ್ಷತೆಯ ಮಾತಾಡುವಾಗ ಗೋದಾಮಿಗೆ ಪರವಾನಗಿ, ಎರಡನೇ ಬಾಗಿಲು, ಕೆಲಸಗಾರರಿಗೆ ಬೇರೆ ವಸತಿ ಇವೂ ಲೆಕ್ಕಕ್ಕೆ ಬರಬೇಕು.

ಈ ವಿಷಯದಲ್ಲಿ ಹೈದರಾಬಾದ್ ಬೆಂಗಳೂರಿನಿಂದ ಕಲಿಯುವುದಿದೆ. 2011ರಲ್ಲೇ ಬೆಂಗಳೂರು ಪಾಲಿಕೆ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಟ್ಟಿತು. ಹಸಿರು ದಳದಂಥ ಸಂಘಟನೆಯ ಬೆನ್ನೊತ್ತಾಸೆಯಿಂದ ನಿನ್ನೆಯವರೆಗೆ ಬೀದಿಯಲ್ಲಿ ಆರಿಸುತ್ತಿದ್ದವರು ವಾರ್ಡಿನ ಒಣ ತ್ಯಾಜ್ಯ ಕೇಂದ್ರಗಳನ್ನು ತಾವೇ ನಡೆಸುವಂತಾಯಿತು. ಬಡಾವಣೆಯಲ್ಲೇ ತಗಡಿನ ಸೂರು, ತಕ್ಕಡಿ, ಒಂದು ಬೇಲಿಂಗ್ ಯಂತ್ರ ಇದ್ದರೆ ನಡುವಿನ ಎರಡು ಕೈ ತಪ್ಪುತ್ತವೆ. ಗಾಳಿಯ ಬಾಡಿಗೆಯೂ ಉಳಿಯುತ್ತದೆ. ಹೈದರಾಬಾದಿನಲ್ಲೂ ಒಣಕಸ ಕೇಂದ್ರಗಳಿವೆ. ಪ್ರತಿ ವಾರ್ಡಿಗೂ ಅವು ಬೇಕು, ಆಟೋದವರಿಗೂ ಆಯುವವರಿಗೂ ಅವುಗಳಲ್ಲಿ ಪಾಲು ಬೇಕು.

ಮನೆಯಲ್ಲಿ ಮಾಡುವುದಿಷ್ಟೇ

ಉಳಿದದ್ದು ನಮ್ಮ ಪಾಲಿನದು. ಬಾಟಲಿಯಲ್ಲಿ ಉಳಿದದ್ದನ್ನು ಚೆಲ್ಲಿ ಒಮ್ಮೆ ಕುಲುಕಿದರೆ ಸಾಕು, ಸೋಪು ಹಾಕಿ ತೊಳೆದು ನೀರು ಪೋಲು ಮಾಡಬೇಕಿಲ್ಲ. ಸುತ್ತಿದ ಹೊದಿಕೆ ಹರಿದು ತೆಗೆಯಿರಿ. ಬಾಟಲಿಯನ್ನು ತುಳಿದೋ ಒತ್ತಿಯೋ ಚಪ್ಪಟೆ ಮಾಡಿ ಮುಚ್ಚಳ ತಿರುಗಿಸಿ ಬಿಗಿಮಾಡಿ. ಮತ್ತೆ ಗಾಳಿ ತುಂಬುವುದಿಲ್ಲ, ಪುಟ್ಟ ಮುಚ್ಚಳವೂ ಚರಂಡಿ ಪಾಲಾಗುವುದಿಲ್ಲ. ಮುಚ್ಚಳ ಕಳೆದುಹೋಗಬಾರದೆಂದೇ ಯುರೋಪ್ ಒಕ್ಕೂಟ 2024ರ ಜುಲೈನಿಂದ ಅದನ್ನು ಬಾಟಲಿಗೇ ಅಂಟಿಕೊಂಡಿರುವಂತೆ ಮಾಡಿಸಿದೆ. ನಿಮ್ಮ ಗುಜರಿಯವರು ಮುಚ್ಚಳ ಬೇರೆ ಕೇಳಿದರೆ ಬೇರೆಯಾಗಿಯೇ ಕೊಡಿ, ಅದಕ್ಕೂ ದರವಿದೆ. ಚಪ್ಪಟೆ ಮಾಡಿದ ಬಾಟಲಿಗೆ ನಲ್ಲಿ ನೀರು ತುಂಬಿ ಹೊಸದೆಂದು ಮಾರುವ ಮೋಸವೂ ನಡೆಯದು. ‘ಬಳಸಿದ ಮೇಲೆ ಬಾಟಲಿಯನ್ನು ಜಜ್ಜಿ’ ಎಂದು ಲೇಬಲ್ಲಿನ ಮೇಲೆ ಅಚ್ಚಾಗಿರುವುದು ಅದಕ್ಕೇ.

ಅಪಾರ್ಟ್‌ಮೆಂಟ್‌ಗಳು ಇನ್ನೊಂದು ಹೆಜ್ಜೆ ಮುಂದಿಡಬಹುದು. ನೆಲಮಹಡಿಯಲ್ಲಿ ಒಂದು ದೊಡ್ಡ ಚೀಲ ತೂಗುಹಾಕಿ, ತುಂಬಿದ ದಿನ ಒಬ್ಬರೇ ಗೊತ್ತಾದ ಆಯುವವರನ್ನು ಕರೆದು ಕೊಡುವುದು. ಬಿಡಿಯಾಗಿ ಕೊಡುವುದಕ್ಕಿಂತ ಒಟ್ಟಾಗಿ ಕೊಟ್ಟರೆ ಅವರ ಅಲೆದಾಟ ತಪ್ಪುತ್ತದೆ, ದರವೂ ಒಳ್ಳೆಯದು ಸಿಗುತ್ತದೆ. ಆ ಹಣ ಪೂರ್ತಿ ಅವರಿಗೇ ಸೇರಲಿ. ತಿಂಗಳಿಗೆ ಬರುವ ನೂರಿನ್ನೂರು ರೂಪಾಯಿ ನಮ್ಮ ಮನೆ ನಡೆಸುವುದಿಲ್ಲ, ಅವರ ಮನೆಗೆ ಆಸರೆಯಾದೀತು.

ಇನ್ನೂ ಒಂದು ಮಾತು. ಎಷ್ಟೇ ಚೆನ್ನಾಗಿ ಮರುಬಳಕೆ ಮಾಡಿದರೂ ಕೊಳ್ಳದೇ ಇದ್ದ ಬಾಟಲಿಗೆ ಅದು ಸಮನಲ್ಲ. ಹೊರಗೆ ಹೊರಟಾಗ ಮನೆಯಿಂದ ನೀರು ಒಯ್ಯಿರಿ, ಮದುವೆ ಮುಂಜಿಗಳಲ್ಲಿ ಎಲೆಗೊಂದು ಪುಟ್ಟ ಬಾಟಲಿ ಇಡುವ ಬದಲು ಲೋಟಕ್ಕೆ ನೀರು ಬಡಿಸಿ. ಕೊಳ್ಳಲೇಬೇಕಾದಾಗ ಕೊಂಡ ಬಾಟಲಿಯನ್ನು ಹಸಿಕಸಕ್ಕೆ ಬೆರೆಸದೆ, ಒಣಗಿಸಿ, ಚಪ್ಪಟೆ ಮಾಡಿ ಕೊಡಿ. ಕಾರ್ಖಾನೆ, ಕಾನೂನು, ಆ್ಯಪ್ ಎಲ್ಲವೂ ಬಂದಾಗಿದೆ. ನೀಲಿ ಬುಟ್ಟಿಗೆ ಅದರ ಕೆಲಸ ಕೊಡುವುದೊಂದು ಬಾಕಿಯಿದೆ. ಅದನ್ನು ಇಂದಿನ ಕಸದಿಂದಲೇ ಶುರುಮಾಡಿ.