ಹತ್ತು ಸಂಖ್ಯೆಗಳ ಚಿಕ್ಕೇರೂರು

ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿನಲ್ಲಿ ನಿವೃತ್ತ ಮಾಸ್ತರರೊಬ್ಬರು ಊರಿನ ಚರಿತ್ರೆ ಬರೆಯಲು ಕೂತಿದ್ದಾರೆ ಎಂದಿಟ್ಟುಕೊಳ್ಳಿ. ಮುನ್ನೂರು ಪುಟದ ಪುಸ್ತಕ. ಡಿಟಿಪಿ ಅಂಗಡಿಯ ಹುಡುಗ ಮೊದಲು ಕೇಳುವುದೇ ‘ಸರ್, ಫಾಂಟ್ ಯಾವ್ದು ಹಾಕ್ಲಿರಿ?’ ಎಂದು. ನನ್ನನ್ನು ಕೇಳಿದರೆ ಆ ಮಾತು ಕೊನೆಗೆ ಬರಬೇಕಾದದ್ದು. ಬರೆಯುವಷ್ಟು ದಿನ ನೋಟ್‌ಪ್ಯಾಡ್‌ನಂಥ ಬರೀ ಟೆಕ್ಸ್ಟ್ ಎಡಿಟರ್ ಸಾಕು. ಅದಕ್ಕೆ ಫಾಂಟು, ಬಣ್ಣ, ಅಂಚು ಯಾವುದನ್ನೂ ಕಡತದಲ್ಲಿ ಬರೆದಿಡಲು ಬಾರದು. ಅದೇ ಅದರ ಗುಣ.

ಕಡತದೊಳಗೆ ಏನಿರುತ್ತದೆ? ‘ಚಿಕ್ಕೇರೂರು’ ಎಂದು ಟೈಪಿಸಿ. ಕಣ್ಣಿಗೆ ನಾಲ್ಕು ಅಕ್ಷರ: ಚಿ, ಕ್ಕೇ, ರೂ, ರು. ಎಡಿಟರಿಗೆ ಮಾತ್ರ ಅದು ಹತ್ತು ಯೂನಿಕೋಡ್ ಸಂಖ್ಯೆಗಳ ಸಾಲು. ಚಕಾರಕ್ಕೆ 3226, ಗುಡಿಸಿಗೆ 3263, ಕಕಾರಕ್ಕೆ 3221, ಅದರ ಸ್ವರ ತೆಗೆಯುವ ಹಲಂತಕ್ಕೆ 3277, ಹೀಗೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಖ್ಯೆಗೂ ಮೂರು ಬೈಟ್, ಒಟ್ಟು ಮೂವತ್ತು. ಮಾಸ್ತರರ ಇಡೀ ಪುಸ್ತಕ ಹೆಚ್ಚೆಂದರೆ ಒಂದೆರಡು ಎಂಬಿ ಆದೀತು. ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಎಷ್ಟೋ ಸಲ ಇದಕ್ಕಿಂತ ದೊಡ್ಡದಿರುತ್ತದೆ. ಒತ್ತಕ್ಷರವನ್ನು ಕೆಳಗೆ ಕೂರಿಸುವುದು, ಏತ್ವದ ದೀರ್ಘವನ್ನು ಪಕ್ಕಕ್ಕೆ ಎಳೆಯುವುದು ಪರದೆಗೆ ಬಿಡಿಸುವ ತಂತ್ರಾಂಶದ ಕೆಲಸ. ‘ಕ್ಕೇ’ ಮುಂದೆ ಬ್ಯಾಕ್‌ಸ್ಪೇಸ್ ಒತ್ತಿ ನೋಡಿ: ಸಾಮಾನ್ಯವಾಗಿ ಮೊದಲು ಹೋಗುವುದು ಏತ್ವ, ‘ಕ್ಕ’ ಉಳಿಯುತ್ತದೆ.

‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳ ಲೆಕ್ಕವೇ ಬೇರೆ. ಅಲ್ಲಿ ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ‘ಚಿ’ ಇದ್ದದ್ದು ಇಂಗ್ಲಿಷಿನ ಸಣ್ಣ ‘ಎ’ ಮನೆಯಲ್ಲಿ, ‘ರಿ’ ಇದ್ದದ್ದು ಸಣ್ಣ ‘ಜೆ’ ಮನೆಯಲ್ಲಿ, ಪಕಾರ ಯೆನ್ ಚಿಹ್ನೆಯ ಮನೆಯಲ್ಲಿ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪುಸ್ತಕವೆಲ್ಲ ಕಲಸುಮೇಲೋಗರ. ಯೂನಿಕೋಡಿನಲ್ಲಿ 1991ರಿಂದಲೇ ಕನ್ನಡ ಇದ್ದರೂ ಅದು ಪರದೆಯ ಮೇಲೆ ಸರಿಯಾಗಿ ಮೂಡಲು ವರ್ಷಗಳೇ ಹಿಡಿದವು. ಹಾಗಾಗಿ ನುಡಿಯನ್ನು ದೂರುವುದು ತರವಲ್ಲ.

ವ್ಯತ್ಯಾಸ ನಿಜಕ್ಕೂ ಗೊತ್ತಾಗುವುದು ಹುಡುಕುವಾಗ. ನಮ್ಮ ಹೆಸರುಗಳಿಗೆ ವಿಭಕ್ತಿಗಳ ಬಾಲ ಇರುತ್ತದಲ್ಲ: ಚಿಕ್ಕೇರೂರಿನ, ಚಿಕ್ಕೇರೂರಿಗೆ, ಚಿಕ್ಕೇರೂರಲ್ಲಿ. ಯೂನಿಕೋಡ್ ಕಡತದಲ್ಲಿ ಕೊನೆಯ ಕೊಂಬು ಬಿಟ್ಟು ‘ಚಿಕ್ಕೇರೂರ’ ಎಂದು ಹುಡುಕಿದರೆ ಹೆಚ್ಚಿನ ಎಡಿಟರುಗಳಲ್ಲಿ ಎಲ್ಲವೂ ಸಿಗುತ್ತವೆ. ಏಕೆಂದರೆ ‘ರಿ’ಯೊಳಗೂ ‘ರು’ವಿನೊಳಗೂ ಅದೇ ರಕಾರದ ಸಂಖ್ಯೆ ಇದೆ. ನುಡಿಯ ಹಳೆಯ ಕಡತದಲ್ಲಿ ‘ರಿ’ಯೇ ಬೇರೆ ಚಿಹ್ನೆ; ‘ಚಿಕ್ಕೇರೂರಿನ’ ಕೈಗೆ ಸಿಗುವುದೇ ಇಲ್ಲ. ಒಂದೆಡೆ ‘ಚಿಕ್ಕೆರೂರು’, ಇನ್ನೊಂದೆಡೆ ‘ಚಿಕ್ಕೇರೂರು’ ಎಂದು ಬರೆದಿಟ್ಟಿದ್ದನ್ನು ಮುನ್ನೂರು ಪುಟದುದ್ದ ತಿದ್ದಿದವರಿಗೆ ಇದರ ಬೆಲೆ ಗೊತ್ತು.

ಅಷ್ಟು ಉದ್ದದ ಕಡತದ ನಡುವೆ ಒಂದು ಅಕ್ಷರ ಸೇರಿಸಿದರೆ ಮುಂದಿನ ಲಕ್ಷಾಂತರ ಸಂಖ್ಯೆಗಳು ಒಂದೊಂದು ಹೆಜ್ಜೆ ಸರಿಯಬೇಡವೆ? ಸಂತೆ ದಿನದ ಬಸ್ಸಿನಲ್ಲಿ ಒಬ್ಬರು ಹತ್ತಿದರೆ ಸೀಟಿನವರೆಲ್ಲ ಸರಿಯುವ ಹಾಗೆ ಆದರೆ ಕೆಲಸ ಕೆಟ್ಟಿತು. ಈಮ್ಯಾಕ್ಸ್ ಎಂಬ ಹಳೆಯ ಎಡಿಟರ್ ಇದಕ್ಕೆ ಜಾಣ ಉಪಾಯ ಮಾಡಿದೆ. ತಿದ್ದುವ ಕಡೆ ಮೆಮೊರಿಯಲ್ಲಿ ಖಾಲಿ ಜಾಗ ಬಿಟ್ಟಿರುತ್ತದೆ, ಟೈಪಿಸಿದ್ದು ಅದರೊಳಗೆ ತುಂಬುತ್ತ ಹೋಗುತ್ತದೆ. ಬೇರೆ ಕಡೆ ತಿದ್ದತೊಡಗಿದರೆ ಖಾಲಿ ಜಾಗವೂ ಅಲ್ಲಿಗೆ ಸ್ಥಳಾಂತರ.

ಇನ್ನು ಅಲಂಕಾರ. 2004ರಲ್ಲಿ ಜಾನ್ ಗ್ರೂಬರ್ ರೂಪಿಸಿದ ಗುರುತುಗಳ ಪದ್ಧತಿಯಾದ ಮಾರ್ಕ್‌ಡೌನ್‌ನಲ್ಲಿ ಸಾಲಿನ ಮೊದಲಿಗೆ ಒಂದು ಹ್ಯಾಶ್ ಗುರುತು ಹಾಕಿದರೆ ಅದು ಅಧ್ಯಾಯದ ಶೀರ್ಷಿಕೆ, ಎರಡು ಹಾಕಿದರೆ ಉಪಶೀರ್ಷಿಕೆ. ಶೀರ್ಷಿಕೆ ದಪ್ಪಗಿರಬೇಕೊ, ನಡುವೆ ಬರಬೇಕೊ ಎಂಬುದು ಅಲ್ಲಿ ಇರುವುದಿಲ್ಲ. ಅಧ್ಯಾಯಕ್ಕೊಂದು ಕಡತ ಮಾಡಿ, ಬರೆದು ಮುಗಿದ ಮೇಲೆ ಪ್ಯಾನ್‌ಡಾಕ್ ಎಂಬ ಉಚಿತ ತಂತ್ರಾಂಶಕ್ಕೆ ಕೊಟ್ಟರೆ ಪರಿವಿಡಿ ಸಮೇತ ವರ್ಡ್ ಕಡತವನ್ನೊ ಇ-ಪುಸ್ತಕವನ್ನೊ ಮಾಡಿಕೊಡುತ್ತದೆ. ಅಚ್ಚಿಗೆ ಹೋಗುವ ಪಿಡಿಎಫ್ ಬೇಕಿದ್ದರೆ ಅದರ ಹಿಂದೆ ಕೆಲಸ ಮಾಡುವುದು ಜೀಟೆಕ್‌ನಂಥ ಅಕ್ಷರಜೋಡಣೆಯ ಯಂತ್ರ. ಇದರ ಮೂಲಪುರುಷ ಡೊನಾಲ್ಡ್ ಕನೂತ್. ತಮ್ಮ ಪುಸ್ತಕದ ಕರಡಚ್ಚು 1977ರಲ್ಲಿ ಕೆಟ್ಟದಾಗಿ ಕಂಡಿತೆಂದು ಬೇಸತ್ತು ಟೆಕ್ ಎಂಬ ಮೂಲ ತಂತ್ರಾಂಶ ಬರೆಯಲು ಕೂತವರು. ಅದು ಸಾಲು ಮುರಿಯುವಾಗ ಒಂದೊಂದೇ ಸಾಲು ನೋಡುವುದಿಲ್ಲ, ಇಡೀ ಪ್ಯಾರಾ ಅಳೆಯುತ್ತದೆ. ಅದಕ್ಕೇ ಪದಗಳ ನಡುವಿನ ತೆರಪು ಹದವಾಗಿರುತ್ತದೆ.

ಫೋಟೊ ತುಂಬಿದ ಸ್ಮರಣ ಸಂಚಿಕೆಗೆ, ಮದುವೆ ಕಾರ್ಡಿಗೆ ಈ ದಾರಿ ಬೇಡ. ಅದಕ್ಕೆ ಡಿಟಿಪಿಯೇ ಸರಿ. ಉಳಿದಂತೆ ಒಂದೇ ಎಚ್ಚರ. ವಿಂಡೋಸ್‌ನ ಹಳೆಯ ನೋಟ್‌ಪ್ಯಾಡ್ ಕಡತವನ್ನು ತಾನಾಗಿ ‘ಆನ್ಸಿ’ ಪದ್ಧತಿಯಲ್ಲಿ ಉಳಿಸಲು ಹೊರಡುತ್ತದೆ. ಅದು ತೋರಿಸುವ ಎಚ್ಚರಿಕೆ ಓದದೆ ಓಕೆ ಒತ್ತಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ, ಮರಳಿ ಬಾರದು. 2019ರ ನಂತರದ ನೋಟ್‌ಪ್ಯಾಡ್‌ನಲ್ಲಿ ಈ ಕಾಟವಿಲ್ಲ. ಹೊಸ ಕಡತ ಯುಟಿಎಫ್-8ರಲ್ಲೇ ಉಳಿಯುತ್ತದೆ.