‘ವಯಸ್ಸಾಯ್ತು, ಗಂಟಲು ಹೋಯ್ತು’: ಹಿರಿಯ ಹಾಡುಗಾರರ ಬಗ್ಗೆ ಹರಿದಾಡುವ ಮಾತು ಎಷ್ಟು ನಿಜ?

ಜಾತ್ರೆಯ ವೇದಿಕೆಯಲ್ಲಿ ತಂಬೂರಿ ಹಿಡಿದ ಹಿರಿಯರೊಬ್ಬರು ಹಾಡುತ್ತಿರುತ್ತಾರೆ. ಮೇಲಿನ ಸ್ವರಕ್ಕೆ ಹೋದಾಗ ಧ್ವನಿ ಒಂದು ಕ್ಷಣ ಒಡೆಯುತ್ತದೆ. ಅಷ್ಟನ್ನೇ ಕತ್ತರಿಸಿ, ನಗುವ ಇಮೋಜಿ ಅಂಟಿಸಿ ಯಾರೋ ಗ್ರೂಪಿಗೆ ಹಾಕುತ್ತಾರೆ. ‘ವಯಸ್ಸಾದ ಮೇಲೆ ಸುಮ್ಮನೆ ಮನೆಯಲ್ಲಿರಬಾರದೇ?’ ಎಂದು ಕೆಳಗೊಂದು ಸಾಲು. ಇಂಥ ವಿಡಿಯೊ ನೋಡಿದಾಗ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಮೂರು. ವಯಸ್ಸಾದರೆ ಹಾಡು ಮುಗಿಯಿತೇ? ರ‍್ಯಾಪ್, ಹಿಪ್ ಹಾಪ್ ಹುಡುಗರಿಗೆ ಮಾತ್ರವೇ? ಹಿರಿಯರ ಗಂಟಲು ಒಡೆದರೆ ಅದು ವಯಸ್ಸಿನಿಂದಲೇ ಆದದ್ದೇ?

ಗಂಟಲಿನಲ್ಲಿ ಆಗುವುದೇನು?

ಧ್ವನಿ ಹುಟ್ಟುವುದು ಗಂಟಲಿನಲ್ಲಿರುವ ಎರಡು ಸಣ್ಣ ಧ್ವನಿ ತಂತುಗಳಿಂದ. ಶ್ವಾಸಕೋಶದಿಂದ ಬರುವ ಗಾಳಿ ಅವುಗಳ ನಡುವೆ ಹಾಯುವಾಗ ಅವು ಕಂಪಿಸುತ್ತವೆ. ವಯಸ್ಸಾದಂತೆ ಈ ತಂತುಗಳು ತೆಳುವಾಗುತ್ತವೆ, ಹಿಗ್ಗುವ ಗುಣ ಕಡಿಮೆಯಾಗುತ್ತದೆ. ಎರಡೂ ಪೂರ್ತಿ ಕೂಡದೆ ನಡುವೆ ಸಂದು ಉಳಿದರೆ ಗಾಳಿ ಸೋರಿ ಧ್ವನಿ ಸಣ್ಣಗಾಗುತ್ತದೆ. ಶ್ವಾಸಕೋಶದ ಸಾಮರ್ಥ್ಯವೂ ಇಳಿಯುವುದರಿಂದ ಒಂದೇ ಉಸಿರಿಗೆ ಉದ್ದ ಸಾಲು ಹಾಡುವುದು ಕಷ್ಟ. ಸಾಮಾನ್ಯವಾಗಿ ಗಂಡಸರ ಧ್ವನಿ ಸ್ವಲ್ಪ ಏರುತ್ತದೆ, ಹೆಂಗಸರ ಧ್ವನಿ ಸ್ವಲ್ಪ ಇಳಿಯುತ್ತದೆ. ಇಷ್ಟು ನಿಜ.

ಆದರೆ ಇದು ಎಲ್ಲರಲ್ಲೂ ಒಂದೇ ವಯಸ್ಸಿಗೆ, ಒಂದೇ ಪ್ರಮಾಣದಲ್ಲಿ ಆಗುವುದಿಲ್ಲ. ನಿಯಮಿತವಾಗಿ ಹಾಡುತ್ತಾ ಬಂದವರ ಧ್ವನಿ ಅದೇ ವಯಸ್ಸಿನ ಇತರರ ಧ್ವನಿಗಿಂತ ಕಿರಿದಾಗಿ, ಗಟ್ಟಿಯಾಗಿ ಕೇಳಿಸುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಕೈಕಾಲಿನ ಸ್ನಾಯುವಿನಂತೆ ಗಂಟಲಿಗೂ ಅಭ್ಯಾಸ ಬೇಕು. ‘ಸುಮ್ಮನಿರಿ’ ಎಂದು ಹಿರಿಯರನ್ನು ಕೂರಿಸಿದರೆ ಧ್ವನಿ ಇನ್ನೂ ಬೇಗ ಕುಗ್ಗಬಹುದು.

ಹಾಡು ಎಂದರೆ ಗಂಟಲು ಮಾತ್ರವೇ?

ಮಿದುಳಿನ ಎಲ್ಲ ಶಕ್ತಿಗಳೂ ಒಟ್ಟಿಗೆ ಇಳಿಯುವುದಿಲ್ಲ. ಹೊಸ ವಿಷಯವನ್ನು ತಟ್ಟನೆ ಗ್ರಹಿಸುವ ವೇಗ ಯೌವನ ಕಳೆಯುತ್ತಿದ್ದಂತೆ ತಗ್ಗತೊಡಗುತ್ತದೆ. ಪದಸಂಪತ್ತು ಹಾಗಲ್ಲ, ಅದು ಅರವತ್ತು ದಾಟಿದವರಲ್ಲೂ ಗಟ್ಟಿಯಾಗಿರುತ್ತದೆ.

ನಂಜನಗೂಡು, ತಿ. ನರಸೀಪುರ, ಚಾಮರಾಜನಗರ, ಕೊಳ್ಳೇಗಾಲದ ಸೀಮೆಯಲ್ಲಿ ಇದಕ್ಕೆ ದೊಡ್ಡ ಸಾಕ್ಷಿಯಿದೆ. ಮಂಟೇಸ್ವಾಮಿ, ಸಿದ್ದಪ್ಪಾಜಿಯ ಕಥೆ ಹಾಡುವ ನೀಲಗಾರರು, ಮಾದಪ್ಪನ ಕಥೆ ಹಾಡುವ ಕಂಸಾಳೆಯವರು ಇಡೀ ರಾತ್ರಿ ಹಾಡುವವರು. ಪೂರ್ತಿ ಕಾವ್ಯ ಮುಗಿಯಲು ಒಂದು ರಾತ್ರಿ ಸಾಲದು. ಕೈಯಲ್ಲಿ ಪುಸ್ತಕ ಇರುವುದಿಲ್ಲ. ಮುಂದೆ ಕುಳಿತವರನ್ನು ನೋಡಿ ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಕುಗ್ಗಿಸಬೇಕು, ಎಲ್ಲಿ ಮಾತಿಗೆ ಇಳಿಯಬೇಕು ಎಂದು ಮುಮ್ಮೇಳದವರು ಅಲ್ಲೇ ತೀರ್ಮಾನಿಸುತ್ತಾರೆ, ಹಿಮ್ಮೇಳದವರು ದನಿಗೂಡಿಸುತ್ತಾರೆ. ಈ ಹದ ಬರಲು ವರ್ಷಗಳೇ ಬೇಕು. ಬೀಸು ಕಂಸಾಳೆಯ ಕುಣಿತಕ್ಕೆ ಹುಡುಗರ ಮೈಕಟ್ಟು ಬೇಕು, ನಿಜ. ಕುಳಿತು ಕಥೆ ನಡೆಸಲು ಹಿರಿಯರ ನೆನಪು ಬೇಕು.

ರ‍್ಯಾಪ್ ಹುಡುಗರದ್ದು ಮಾತ್ರವೇ?

ಹಿಪ್ ಹಾಪ್ ಹುಟ್ಟಿದ್ದು 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ನಡೆದ ಒಂದು ಪಾರ್ಟಿಯಲ್ಲಿ ಎಂದು ಹೇಳುವುದು ವಾಡಿಕೆ. ಅಂದು ಹಾಡು ಹಾಕಿದ ಡಿಜೆ ಕೂಲ್ ಹರ್ಕ್‌ಗೆ 18 ವರ್ಷ. ಹುಡುಗರ ಕಲೆಯಾಗಿ ಶುರುವಾದ್ದರಿಂದ ‘ಇದು ಹುಡುಗರಿಗೇ’ ಎಂಬ ಮಾತು ಅದಕ್ಕೆ ಅಂಟಿಕೊಂಡಿತು. ಮಾರುಕಟ್ಟೆಗೂ ದಿನಕ್ಕೊಂದು ಹೊಸ ಮುಖ ಬೇಕು. ಆದರೆ ಅಂದಿನ ಹುಡುಗರಿಗೆ ಈಗ ಅರವತ್ತು, ಎಪ್ಪತ್ತು. ರ‍್ಯಾಪರ್ ನಾಸ್‌ಗೆ ಮೊದಲ ಗ್ರ್ಯಾಮಿ ಸಿಕ್ಕಿದ್ದು 2021ರಲ್ಲಿ, 47ನೇ ವಯಸ್ಸಿಗೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಬ್ರೇಕಿಂಗ್ ಸ್ಪರ್ಧೆಯಲ್ಲಿ ಜಪಾನಿನ ಅಯುಮಿ 41ನೇ ವಯಸ್ಸಿಗೆ ಕುಣಿದರು. ಇನ್ನೊಂದೆಡೆ ಆಂಡ್ರೆ 3000 ಎಂಬ ಪ್ರಸಿದ್ಧ ರ‍್ಯಾಪರ್ 2023ರಲ್ಲಿ, 48ನೇ ವಯಸ್ಸಿಗೆ, ರ‍್ಯಾಪ್ ಬಿಟ್ಟು ಕೊಳಲು ಸಂಗೀತದ ಆಲ್ಬಮ್ ತಂದರು. ಮುಂದುವರಿಯುವುದೂ ಬಿಡುವುದೂ ಕಲಾವಿದರ ಆಯ್ಕೆ.

ನಮ್ಮಲ್ಲೂ ಹಾಗೆಯೇ. ಆರ್.ಕೆ. ಶ್ರೀಕಂಠನ್ ತೊಂಬತ್ತು ದಾಟಿದ ಮೇಲೂ ಕಚೇರಿ ಮಾಡಿದರು. ಎಸ್. ಜಾನಕಿ 2017ರ ಅಕ್ಟೋಬರ್‌ನಲ್ಲಿ ಮೈಸೂರಿನಲ್ಲಿ ಹಾಡಿ ವೇದಿಕೆಗೆ ತಾವಾಗಿಯೇ ವಿದಾಯ ಹೇಳಿದರು. ಆಗ ಅವರಿಗೆ 79. ಇಬ್ಬರನ್ನೂ ಜನ ಗೌರವದಿಂದಲೇ ಕೇಳಿದರು.

ತಿರುಮಕೂಡಲಿನ ಚೌಡಯ್ಯನವರು (1895–1967) ಇನ್ನೊಂದು ದಾರಿ ತೋರಿಸಿದ್ದಾರೆ. ಮೈಕು ಇಲ್ಲದ ಕಾಲದಲ್ಲಿ ಹಿಂದೆ ಕುಳಿತವರಿಗೂ ನಾದ ಮುಟ್ಟಲಿ ಎಂದು ನಾಲ್ಕು ತಂತಿಯ ಪಿಟೀಲಿಗೆ ಮತ್ತೆ ಮೂರು ತಂತಿ ಸೇರಿಸಿದರು. ಕೇಳಿಸದಿದ್ದರೆ ಕೇಳಿಸುವಂತೆ ಮಾಡಬೇಕು, ನುಡಿಸುವುದನ್ನು ನಿಲ್ಲಿಸುವುದಲ್ಲ. ಅವರಿಗೆ ‘ಸಂಗೀತ ಕಲಾನಿಧಿ’ ಗೌರವ ಬಂದದ್ದು 1957ರಲ್ಲಿ, ಅರವತ್ತು ದಾಟಿದ ಮೇಲೆ.

ನಕ್ಕರೆ ನಷ್ಟ ಯಾರಿಗೆ?

ಹಳೆಯ ರ‍್ಯಾಪರ್‌ನ ಹಾಡು ಮೊಬೈಲಿನಲ್ಲಿ ಎಂದಿಗೂ ಸಿಗುತ್ತದೆ. ಬಾಯಿಂದ ಬಾಯಿಗೆ ಬಂದ ಕಾವ್ಯ ಹಾಗಲ್ಲ. ಒಬ್ಬೊಬ್ಬ ಹಾಡುಗಾರರ ಪಾಠ ಬೇರೆ, ಮಟ್ಟು ಬೇರೆ. ವಿದ್ವಾಂಸರು ಧ್ವನಿಮುದ್ರಿಸಿ ಅಚ್ಚು ಹಾಕಿಸಿರುವುದು ಕೆಲವರದ್ದು ಮಾತ್ರ. ಉಳಿದವರು ಹೋದರೆ ಅವರ ಪಾಠವೂ ಅವರ ಜೊತೆಗೇ ಹೋಗುತ್ತದೆ. ಅಜ್ಜನನ್ನು ನೋಡಿ ಊರು ನಕ್ಕರೆ, ಮೊಮ್ಮಗ ತಂಬೂರಿ ಮುಟ್ಟುವುದಿಲ್ಲ. ಇದಕ್ಕಿಂತ ದೊಡ್ಡ ನಷ್ಟ ಬೇರಿಲ್ಲ.

ಇದನ್ನು ಮಾತ್ರ ‘ವಯಸ್ಸು’ ಎಂದು ಬಿಡಬೇಡಿ

ಈ ಲೇಖನದಲ್ಲಿ ಬಹುಮುಖ್ಯವಾದದ್ದು ಇದು. ಒಡೆದ ಧ್ವನಿಗೆ ವಯಸ್ಸೊಂದೇ ಕಾರಣವಲ್ಲ. ತಂತುಗಳ ಮೇಲೆ ಗಂಟು, ಹೊಟ್ಟೆಯ ಆಮ್ಲ ಗಂಟಲಿಗೆ ಬರುವುದು, ಥೈರಾಯ್ಡ್ ತೊಂದರೆ, ನರದ ತೊಂದರೆ, ಗಂಟಲಿನ ಕ್ಯಾನ್ಸರ್ ಕೂಡ ಆಗಿರಬಹುದು. ಬೀಡಿ, ಸಿಗರೇಟು ಸೇದುವವರಿಗೆ, ಮದ್ಯ ಕುಡಿಯುವವರಿಗೆ ಅಪಾಯ ಹೆಚ್ಚು.

ನೆಗಡಿ, ಕೆಮ್ಮು ಇಲ್ಲದೆಯೂ ಧ್ವನಿ ಒಡೆದದ್ದು ಮೂರು ವಾರವಾದರೂ ಸರಿಹೋಗದಿದ್ದರೆ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿ. ನುಂಗಲು ಕಷ್ಟವಾದರೆ, ಕತ್ತಿನಲ್ಲಿ ಗಡ್ಡೆ ಕಂಡರೆ, ಕಫದಲ್ಲಿ ರಕ್ತ ಬಂದರೆ ಅಷ್ಟು ದಿನವೂ ಕಾಯಬೇಡಿ. ಉಸಿರಾಟಕ್ಕೇ ತೊಂದರೆಯಾದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಬೇಗ ಗೊತ್ತಾದರೆ ಗುಣವಾಗುವ ಸಾಧ್ಯತೆ ಚೆನ್ನಾಗಿರುತ್ತದೆ.

ವಯಸ್ಸಿನಿಂದಲೇ ಕುಗ್ಗಿದ ಧ್ವನಿಗೂ ಚಿಕಿತ್ಸೆಯಿದೆ. ಉಸಿರಿನ ಮತ್ತು ಧ್ವನಿಯ ವ್ಯಾಯಾಮ ಕಲಿಸುವ ತಜ್ಞರಿದ್ದಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೇ ಕ್ಷೇತ್ರದ ರಾಷ್ಟ್ರಮಟ್ಟದ ಸಂಸ್ಥೆ. ನಂಜನಗೂಡು, ತಿ. ನರಸೀಪುರದವರು ಬಸ್ಸಿನಲ್ಲಿ ಹೋಗಿ ತೋರಿಸಿಕೊಂಡು ಅದೇ ದಿನ ಮರಳಬಹುದು.

ನಾವು ಮಾಡಬಹುದಾದದ್ದು

• ಹಿರಿಯರ ಹಾಡಿಗೆ ಒಳ್ಳೆಯ ಮೈಕು ಕೊಡಿ. ಗದ್ದಲದ ಮೇಲೆ ಕೂಗಿ ಹಾಡುವುದು ಗಂಟಲಿಗೆ ಪೆಟ್ಟು.
• ಆಗಾಗ ಗುಟುಕು ನೀರು, ನಡುನಡುವೆ ವಿಶ್ರಾಂತಿ ಇರಲಿ.
• ಒಡೆದ ಒಂದು ಸಾಲನ್ನಲ್ಲ, ಪೂರ್ತಿ ಹಾಡನ್ನು ರೆಕಾರ್ಡ್ ಮಾಡಿ. ಅವರ ಒಪ್ಪಿಗೆ ಕೇಳಿ, ಹೆಸರು, ಊರು ಬರೆದು ಹಂಚಿ.
• ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನ ಯೋಜನೆಯಿದೆ. ಅರ್ಜಿಯ ವಿವರವನ್ನು ಜಿಲ್ಲಾ ಕಚೇರಿಯಲ್ಲೇ ಕೇಳಿ. ‘ಮಾಡಿಸಿಕೊಡ್ತೀವಿ’ ಎನ್ನುವ ಫಾರ್ವರ್ಡ್ ನಂಬಿ ದುಡ್ಡು ಕೊಡಬೇಡಿ.

ನಮ್ಮ ತೀರ್ಮಾನ: ವಯಸ್ಸಾದರೆ ಧ್ವನಿ ಬದಲಾಗುತ್ತದೆ ಎಂಬುದು ನಿಜ. ಹಾಡು ಮುಗಿಯುತ್ತದೆ ಎಂಬುದು ಸುಳ್ಳು. ಒಡೆದ ಧ್ವನಿಯೆಲ್ಲಾ ವಯಸ್ಸಿನದ್ದೇ ಎಂಬುದು ಅಪಾಯಕಾರಿ ಸುಳ್ಳು. ಅಂಥ ವಿಡಿಯೊ ಬಂದರೆ ಮುಂದೆ ಕಳಿಸಬೇಡಿ. ನಿಮ್ಮೂರಿನ ಹಾಡುಗಾರರ ಗಂಟಲು ಒಂದು ತಿಂಗಳಿಂದ ಒಡೆದಿದ್ದರೆ, ಅವರನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗಿ.