ಆಳ ಹೆಚ್ಚಿದರೆ ನೀರು ಹೆಚ್ಚುವುದೇ?

ಕೋಲಾರ ಜಿಲ್ಲೆಯಲ್ಲಿ ಬೋರ್‌ವೆಲ್ 1000 ಅಡಿ ದಾಟಿತೆಂದರೆ ಇವತ್ತು ಯಾರೂ ಬೆರಗಾಗುವುದಿಲ್ಲ. ಗಟ್ಟಿ ಕಲ್ಲಿನಲ್ಲಿ ಅಷ್ಟು ಆಳಕ್ಕೆ ಇಳಿಯುವ ರಿಗ್ಗಿನ ಜಾಣ್ಮೆಯೆಲ್ಲ ಇರುವುದು ಅದರ ಸುತ್ತಿಗೆ ಇರುವ ಜಾಗದಲ್ಲಿ. ಸುತ್ತಿಗೆ ಲಾರಿಯ ಮೇಲಿಲ್ಲ. ರಾಡುಗಳ ತುದಿಯಲ್ಲಿ, ಕೊಳವೆಯ ತಳದಲ್ಲೇ ಇದೆ. ಕಂಪ್ರೆಸರ್ ತಳ್ಳುವ ಗಾಳಿಗೆ ಅದರ ಪಿಸ್ಟನ್ ಬಿಟ್ಟೂಬಿಡದೆ ಬಡಿಯುತ್ತದೆ, ತುದಿಯ ಬಿಟ್‌ನ (ಕೊರೆಮೊನೆಯ) ಟಂಗ್‌ಸ್ಟನ್ ಕಾರ್ಬೈಡ್ ಹಲ್ಲುಗಳು ಕಲ್ಲನ್ನು ಪುಡಿಮಾಡುತ್ತವೆ, ಅದೇ ಗಾಳಿ ಪುಡಿಯನ್ನು ಮೇಲಕ್ಕೆ ತೂರುತ್ತದೆ. ಪೆಟ್ಟು ಉದ್ದನೆಯ ರಾಡುಗಳನ್ನು ಹಾದು ಹೋಗಬೇಕಿಲ್ಲವಾದ್ದರಿಂದ ಅದರ ಬಲ ದಾರಿಯಲ್ಲಿ ಸೋರುವುದಿಲ್ಲ. 1960ರ ದಶಕದ ಕೊನೆಯ ಬರಗಾಲದಲ್ಲಿ ಯುನಿಸೆಫ್ ಇಂಥ ರಿಗ್‌ಗಳನ್ನು ಭಾರತಕ್ಕೆ ತಂದದ್ದು ಕೈಪಂಪಿನ ಕುಡಿಯುವ ನೀರಿಗಾಗಿ. ಯಂತ್ರ ಎಷ್ಟು ಆಳ ಹೋಗಬಲ್ಲದೋ ಅಷ್ಟು ಆಳದಲ್ಲಿ ನೀರೂ ಇದ್ದೇ ಇರುತ್ತದೆ ಎಂಬ ನಂಬಿಕೆ ಆಮೇಲೆ ಬೆಳೆದದ್ದು. ಆ ನಂಬಿಕೆಯೇ ತಪ್ಪು.

ಕೋಲಾರದ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಈ ಕಲ್ಲು ತಾನಾಗಿ ನೀರು ಹಿಡಿಯದು. ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ, ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ರಿಗ್ಗಿನವರು ಈ ಬಿರುಕನ್ನೇ ಗ್ಯಾಪ್ ಎನ್ನುತ್ತಾರೆ. ಆಳಕ್ಕೆ ಇಳಿದಂತೆ ಮೇಲಿನ ಕಲ್ಲಿನ ಭಾರ ಹೆಚ್ಚಿ ಬಿರುಕುಗಳು ಬಿಗಿಯುತ್ತವೆ, ವಿರಳವಾಗುತ್ತವೆ. ಖರ್ಚು ಸಾಗುವುದು ತದ್ವಿರುದ್ಧ ದಿಕ್ಕಿನಲ್ಲಿ. ಕೊರೆಯುವ ದರ ಅಡಿ ಲೆಕ್ಕದ್ದು, ಆಳ ಹೆಚ್ಚಿದಂತೆ ಪ್ರತಿ ಅಡಿಯ ದರವೂ ಏರುತ್ತದೆ. ಕೇಸಿಂಗ್, ಕೇಬಲ್, ಪಂಪು ಬೇರೆ. ಗ್ಯಾಪ್ ಸಿಗದೆ ಫೇಲ್ ಆದರೂ ಕೊರೆದಷ್ಟು ಅಡಿಗೆ ಹಣ ಕೊಡಲೇಬೇಕು. ಅಂದರೆ ಸಿಗುವ ಸಾಧ್ಯತೆ ಕುಗ್ಗುತ್ತಿರುವ ವಸ್ತುವಿಗೆ ರೈತ ಹೆಚ್ಚು ಹೆಚ್ಚು ಬೆಲೆ ತೆರುತ್ತಿದ್ದಾನೆ, ಅದೂ ಬಹುಮಟ್ಟಿಗೆ ಸಾಲ ಮಾಡಿ. ಆರೂವರೆ ಇಂಚಿನ 1000 ಅಡಿ ಕೊಳವೆ ತುಂಬಿ ನಿಂತರೂ ಅದರಲ್ಲಿರುವುದು ಸುಮಾರು 6500 ಲೀಟರ್, ಹೆಚ್ಚುಕಡಿಮೆ ಒಂದು ಟ್ಯಾಂಕರ್ ನೀರು. ಅಷ್ಟಾಳದಿಂದ 1000 ಲೀಟರ್ ಎತ್ತಲು, ಪಂಪಿನ ಅರ್ಧ ಶಕ್ತಿ ವ್ಯರ್ಥವಾಗುತ್ತದೆಂದು ಹಿಡಿದರೆ, ಒಂದೂವರೆ ಯೂನಿಟ್‌ಗಿಂತ ಹೆಚ್ಚು ವಿದ್ಯುತ್ ಬೇಕು.

1200 ಅಡಿಯಲ್ಲಿ ಎರಡಿಂಚು ನೀರು ಬಿದ್ದ ಉದಾಹರಣೆಗಳಿಲ್ಲವೇ ಎಂದು ಕೇಳಬಹುದು. ಇವೆ; ಆಳದಲ್ಲೂ ಬಿರುಕುಗಳಿರುತ್ತವೆ. ಆದರೆ ಅವುಗಳಿಗೂ ನೀರು ಮೇಲಿನಿಂದಲೇ ಬರಬೇಕು, ಬರುವುದು ಬಹಳ ನಿಧಾನ. ಮೊದಲ ದಿನದ ಧಾರೆ ಅಲ್ಲಿ ಕೂಡಿಟ್ಟದ್ದರ ಲೆಕ್ಕ ಹೇಳುತ್ತದೆಯೇ ಹೊರತು ಮುಂದಿನ ವರ್ಷದ ಒಳಹರಿವಿನ ಲೆಕ್ಕವನ್ನಲ್ಲ. ದೀರ್ಘಕಾಲ ಕಲ್ಲಿನ ಸಂಗದಲ್ಲಿದ್ದ ನೀರಿಗೆ ಫ್ಲೋರೈಡ್ ಸೇರುವುದೂ ಈ ಜಿಲ್ಲೆ ಅನುಭವಿಸುತ್ತಿರುವ ಸಂಕಟ. ಮೇಲಿನ ಪದರ ಬತ್ತಿದ ಮೇಲೆ ಕೆಳಗಿಳಿಯದೆ ಏನು ಮಾಡುವುದು ಎಂಬ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ಮನೆಗೆ ನೀರಿಲ್ಲದವರಿಗೆ ಭೂವಿಜ್ಞಾನದ ಪಾಠ ಹೇಳಿ ಪ್ರಯೋಜನವಿಲ್ಲ. ಆದರೆ ಆ ಪದರ ಮತ್ತೆ ತುಂಬಬಲ್ಲದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿದಾಗ ಸುತ್ತಲಿನ ಬಾವಿಗಳಲ್ಲಿ ಮಟ್ಟ ಏರಿತು. ಎರಡನೇ ಹಂತಕ್ಕೇ ಸಂಸ್ಕರಣೆ ನಿಲ್ಲಿಸಿದ ಆ ನೀರಿನ ಗುಣದ ಬಗ್ಗೆ ಜಿಲ್ಲೆಯ ಜನ ಎತ್ತಿರುವ ಆಕ್ಷೇಪ ನ್ಯಾಯವಾದದ್ದು. ಕೆರೆಗೆ ಬಿಟ್ಟ ನೀರು ಕುಡಿಯುವ ಬಾವಿಗೂ ಇಳಿಯುತ್ತದೆ. ಅದಕ್ಕೇ ಮೂರನೇ ಹಂತದ ಶುದ್ಧೀಕರಣವನ್ನು ಅವರು ಪಟ್ಟುಹಿಡಿದು ಕೇಳುತ್ತಿದ್ದಾರೆ.